ಡಾಕ್ಟರಿಗೆ ತೋರಿಸದ ಗದ್ದ

ಅಕ್ಕ ದಾರದ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಿರುವಾಗ ಮಾತಾಡುವಂತಿಲ್ಲ. ಆದ್ದರಿಂದ ನನ್ನ ಗೋಳನ್ನೆಲ್ಲ ನಾನು ಅವಳೆದುರು ತೋಡಿಕೊಳ್ಳುತ್ತಿದ್ದದ್ದು ಆ ಹೊತ್ತಿನಲ್ಲೇ. ನಾವಿಬ್ಬರೂ ಸೇರಿ ನಡೆಸುವ ಬ್ಯೂಟಿ ಪಾರ್ಲರಿನ ಶಟರನ್ನು ಅರ್ಧ ಎತ್ತಿ, ಗಿರಾಕಿಗಳು ಬರುವ ಮೊದಲು, ಅವಳು ನನ್ನನ್ನು ಕುರ್ಚಿಗೆ ಒರಗಿಸಿ ಗದ್ದದ ಕೂದಲು ತೆಗೆಯುತ್ತಿದ್ದಳು. ಮೊದಲು ಎಂದೋ ಒಮ್ಮೆ ಇದ್ದದ್ದು ಬರಬರುತ್ತಾ ವಾರವಾರದ ಕೆಲಸವಾಯಿತು. ಹೆಂಗಸರ ಮುಖದಲ್ಲಿ ಅಷ್ಟಿಷ್ಟು ಕೂದಲು ಇರುವುದೇ. ಇಲ್ಲದಿದ್ದರೆ ನಾವಿಬ್ಬರೂ ಎಂದೋ ಅಂಗಡಿ ಮುಚ್ಚಿ ಮನೆ ಸೇರಬೇಕಿತ್ತು. ಆದರೆ ನನ್ನದು ಒರಟು, ಕಪ್ಪು, ಮಹಾ ಹಟಮಾರಿ.

"ಥೇಟ್ ನಿನ್ನ ಹಾಗೇ ಕಣೇ. ಎಷ್ಟು ಕಿತ್ರೂ ಬುದ್ಧಿ ಬರಲ್ಲ," ಎಂದು ಅಕ್ಕ ದಾರವನ್ನು ಬಾಯಿಂದ ತೆಗೆದು ಬೈಯುತ್ತಿದ್ದಳು.

ನನ್ನ ನಾಲಿಗೆ ಸ್ವಲ್ಪ ಚುರುಕು, ಅದನ್ನು ಮುಚ್ಚಿಟ್ಟು ಏನು ಪ್ರಯೋಜನ? ಗಂಡ ನನ್ನನ್ನು ಕರೆಯುವುದೇ ಮೆಣಸಿನಕಾಯಿ ಎಂದು. ಅವರು ಬೇಕರಿಯಲ್ಲಿ ಓವನ್ ನೋಡಿಕೊಳ್ಳುವವರು. ಊರು ಏಳುವ ಮುಂಚೆ ಹೋಗಿ, ಊರು ಏಳುವ ಹೊತ್ತಿಗೆ ಮೈಯೆಲ್ಲ ಮೈದಾ ಮಾಡಿಕೊಂಡು, ಕೈಯಲ್ಲಿ ಬಿಸಿ ಬನ್ನು ಹಿಡಿದು ಬರುತ್ತಿದ್ದರು. ಒಳ್ಳೆಯ ಮನುಷ್ಯ. ಮಾತು ಮಾತ್ರ ಅಳೆದು ತೂಗಿ ಆಡುವವರು.

ನನಗೆ ಮಗು ಬೇಕಿತ್ತು. ಸುತ್ತಿ ಬಳಸಿ ಹೇಳುವುದು ನನಗೆ ಬಾರದು. ಪಾರ್ಲರಿಗೆ ಬರುವ ತಾಯಂದಿರು ಕುರ್ಚಿಯಲ್ಲಿ ಕೂರುವ ಮುಂಚೆ ಕಂಕುಳಿನ ಕೂಸನ್ನು ಯಾರ ಕೈಗೆ ಕೊಡಲಿ ಎಂದು ಅತ್ತಿತ್ತ ನೋಡುತ್ತಾರಲ್ಲ, ಅಷ್ಟರಲ್ಲಿ ನಾನು ಕೈ ಒರೆಸಿಕೊಂಡು ನಿಂತಿರುತ್ತಿದ್ದೆ. ನೆತ್ತಿಗೆ ಮೂಗಿಟ್ಟು ವಾಸನೆ ನೋಡುತ್ತಿದ್ದೆ. ಹಾಲು, ಬೆವರು, ಪೌಡರು ಎಲ್ಲ ಸೇರಿದ ಆ ವಾಸನೆ ಸಂಜೆವರೆಗೂ ನನ್ನ ಭುಜದ ಮೇಲೆ ಉಳಿಯುತ್ತಿತ್ತು. ಮನೆಗೆ ಹೋದರೂ ಆ ಕುರ್ತಾ ಒಗೆಯಲು ಹಾಕಲು ಮನಸ್ಸು ಬರುತ್ತಿರಲಿಲ್ಲ.

"ನಿಮ್ಗೆಷ್ಟು ಮಕ್ಕಳು?" ಎಂದು ಯಾರಾದರೂ ಕೇಳಿದರೆ, "ಇದೊಂದೇ, ನಿಮ್ಗೆ ವಾಪಸ್ ಕೊಡಲ್ಲ," ಎನ್ನುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ಅಕ್ಕ ಮಾತ್ರ ಕನ್ನಡಿಯಲ್ಲಿ ನನ್ನನ್ನು ನೋಡಿ ತಲೆ ತಗ್ಗಿಸುತ್ತಿದ್ದಳು.

ಬೇರೆಯವರಿಗೆ ಮುಟ್ಟು ತಪ್ಪಿದರೆ ಅದು ಸುದ್ದಿ. ನನಗೆ ತಪ್ಪುವುದೇ ವಾಡಿಕೆ. ಎರಡು ತಿಂಗಳಿಗೆ ಬಂದರೆ ಬಂತು, ಒಮ್ಮೊಮ್ಮೆ ಮೂರ್ನಾಲ್ಕು ತಿಂಗಳಾದರೂ ಪತ್ತೆಯಿಲ್ಲ. ಹುಡುಗಿಯಾಗಿದ್ದಾಗಲೂ ಹಾಗೇ. "ಕೆಲವರ ಮೈಗುಣ ಹಾಗಿರತ್ತೆ, ಮದುವೆ ಆದ್ರೆ ಸರಿಹೋಗತ್ತೆ," ಎಂದು ಅಮ್ಮ ಅಂದಿದ್ದಳು. ಮದುವೆಯಾಯಿತು, ಮೈ ತೂಕ ಹೆಚ್ಚಿತು, ಅದೊಂದು ಸರಿಹೋಗಲಿಲ್ಲ. ಇದೆಲ್ಲ ಬುದ್ಧಿಗೆ ಗೊತ್ತು, ಆದರೆ ಹಾಳು ಮನಸ್ಸು ಕೇಳಬೇಕಲ್ಲ? ಪ್ರತಿ ಸಲ ತಪ್ಪಿದಾಗಲೂ 'ಈ ಸಲ ಇರಬಹುದು' ಎಂದು ಒಳಗೊಳಗೇ ಕುಣಿಯುತ್ತಿತ್ತು. ಒಂದು ಸಲವಂತೂ ಉಣ್ಣೆ ತಂದು ಅಂಗೈಯಗಲದ ಟೊಪ್ಪಿ ಹೆಣೆಯಲು ಕೂತೆ. ಕೂಸು ಹುಟ್ಟುವ ಮುಂಚೆ ಕುಲಾವಿ ಎಂದು ಜನ ನಗಾಡುತ್ತಾರಲ್ಲ, ಅದೇ. ಟೊಪ್ಪಿಯ ನೆತ್ತಿ ಕೂಡುವ ಮೊದಲೇ ರಕ್ತ ಕಂಡಿತು. ಉಣ್ಣೆಯನ್ನು ಬಿಚ್ಚಿ ಉಂಡೆ ಸುತ್ತಿದೆ.

ಗಂಡ ಅದನ್ನು ನೋಡಿ, "ಬೇಜಾರ್ ಮಾಡ್ಕೋಬೇಡ. ಆದ್ರೆ ಆಗ್ಲಿ, ಇಲ್ದಿದ್ರೆ ನಾವಿಬ್ರು ಇಲ್ವಾ?" ಎಂದು ಮಲಗಲು ಹೋದರು. ನನಗೆ ಸಿಟ್ಟು ನೆತ್ತಿಗೇರಿತು. ಈ ಮನುಷ್ಯನಿಗೆ ಬೇಕೋ ಬೇಡವೋ ಎಂಬುದೂ ನನಗೆ ತಿಳಿಯದು!

ಕೊನೆಗೆ ಅಕ್ಕನೇ ಹೆಂಗಸರ ಡಾಕ್ಟರ ಹತ್ತಿರ ಹೋಗು ಎಂದಳು. ಹೋಗುವ ದಿನ ಬೆಳಿಗ್ಗೆ ನನ್ನನ್ನು ಮದುಮಗಳ ಹಾಗೆ ಸಿದ್ಧ ಮಾಡಿದಳು. ಗದ್ದ, ತುಟಿಯ ಮೇಲೆ, ಕೆನ್ನೆಯ ಅಂಚು, ಎಲ್ಲ ಕಡೆ ದಾರ ಆಡಿಸಿದಳು. ಕತ್ತಿನ ಹಿಂದೆ ಎಷ್ಟು ಉಜ್ಜಿದರೂ ಹೋಗದ ಕಪ್ಪು ಪಟ್ಟಿಯೊಂದಿತ್ತು, ಅದರ ಮೇಲೆ ಕ್ರೀಮು ಬಳಿದು ದುಪಟ್ಟಾ ಸುತ್ತಿದಳು. "ನಾಲ್ಕು ಜನ ಗಿರಾಕಿಗಳು ಅಲ್ಲೇ ಕೂತಿರ್ತಾರೆ. ನಮ್ಮ ಅಂಗಡಿ ಮರ್ಯಾದೆ ಉಳಿಸು," ಎಂದಳು.

ಡಾಕ್ಟರು ಮುಟ್ಟಿನ ಬಗ್ಗೆ ಕೇಳಿದರು. "ಸ್ವಲ್ಪ ಹಿಂದೆ ಮುಂದೆ ಆಗತ್ತೆ," ಅಂದೆ. ಬರೆಯುತ್ತಲೇ, "ಮುಖದ ಮೇಲೆ ಕೂದಲು ಬೆಳೆಯೋದು ಏನಾದ್ರೂ ಇದೆಯಾ?" ಎಂದರು.

"ಛೆ ಛೆ, ಇಲ್ಲಪ್ಪ," ಎಂದುಬಿಟ್ಟೆ. ಮತ್ತೇನು ಹೇಳಲಿ? ಊರ ಹೆಂಗಸರ ಮುಖ ತಿದ್ದುವವಳು ನಾನು. ಡಾಕ್ಟರು ತಲೆಯೆತ್ತಿ ನೋಡಿದರು. ಅಕ್ಕನ ಕೈಗುಣ, ನನ್ನ ಮುಖ ತೊಳೆದಿಟ್ಟ ತಟ್ಟೆಯ ಹಾಗಿತ್ತು. ರಕ್ತ ಕಡಿಮೆ ಇರಬಹುದೆಂದು ಶಕ್ತಿಯ ಮಾತ್ರೆ ಕೊಟ್ಟು, ಇನ್ನಷ್ಟು ತಿಂಗಳು ನೋಡಿ ಬನ್ನಿ ಎಂದು ಕಳಿಸಿದರು. ಅವರಾದರೂ ಏನು ಮಾಡಿಯಾರು? ಕೇಳಿದ್ದಕ್ಕೆ ನಾನು ಕೊಟ್ಟ ಉತ್ತರ ಅದು.

ಗುಟ್ಟು ಬಯಲಾದದ್ದು ಒಬ್ಬ ಕಾಲೇಜು ಹುಡುಗಿಯಿಂದ. ನನ್ನಂಥದ್ದೇ ಗದ್ದ ಅವಳದು. ಅಕ್ಕ ದಾರ ಕಚ್ಚಿ ಕೆಲಸ ಮಾಡುತ್ತಿದ್ದಾಗ ಹುಡುಗಿ, "ಆಂಟಿ, ಇದು ಹಾರ್ಮೋನ್ ಏರುಪೇರಾಗಿ ಬರೋದಂತೆ. ಪಿಸಿಓಎಸ್ ಅಂತಾರೆ. ನಂಗೆ ತಿಂಗಳು ತಿಂಗಳು ಸರಿಯಾಗಿ ಬರಲ್ಲ, ಅದಕ್ಕೂ ಇದೇ ಕಾರಣ. ಕತ್ತಿನ ಹಿಂದೆ ಕಪ್ಪಾಗೋದು ಕೂಡ ಇದರ ಜೊತೆ ಇರತ್ತಂತೆ," ಎಂದು ಪಾಠ ಒಪ್ಪಿಸುವ ಹಾಗೆ ಹೇಳಿದಳು.

ಅಕ್ಕನ ಬಾಯಿಂದ ದಾರ ಬಿತ್ತು. ಕನ್ನಡಿಯಲ್ಲಿ ನನ್ನನ್ನು ನೋಡಿದಳು. ಹುಡುಗಿ ಹೋದ ಮೇಲೆ ಶಟರು ಎಳೆದು ಹಣೆ ಚಚ್ಚಿಕೊಂಡಳು.

"ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅಂತಾರೆ. ನಮ್ಗೆ ನಾಲ್ಕು ಗೋಡೆಗೂ ಕನ್ನಡಿ ಇದೆ, ಆದ್ರೂ ಕಾಣ್ಲಿಲ್ವಲ್ಲೇ! ವಾರವಾರ ನಾನೇ ಕೈಯಾರೆ ಕಿತ್ತು ಕಿತ್ತು ಎಸೆದೆ."

"ಈಗೇನು, ಗಡ್ಡ ಬಿಟ್ಕೊಂಡು ಆಸ್ಪತ್ರೆಗೆ ಹೋಗ್ಲಾ?"

"ಹೂಂ, ಹೋಗು. ಡಾಕ್ಟ್ರು ನೋಡೋವರೆಗೂ ನಾನು ನಿನ್ನ ಮುಖಕ್ಕೆ ಕೈ ಹಚ್ಚಲ್ಲ."

ಜಗಳ ಆಡಿದೆ, ಕಾಲು ಹಿಡಿದೆ, ನಾನೇ ಮಾಡಿಕೊಳ್ಳುತ್ತೇನೆ ಎಂದು ಹೆದರಿಸಿದೆ. ಅಕ್ಕ ಜಪ್ಪಯ್ಯ ಅನ್ನಲಿಲ್ಲ. ಆಸ್ಪತ್ರೆಗೆ ಹೋಗುವವರೆಗೂ ಮಾಸ್ಕ್ ಹಾಕಿಕೊಂಡೇ ಗಿರಾಕಿಗಳ ಹುಬ್ಬು ತಿದ್ದಿದೆ. ಕೂಸುಗಳನ್ನು ಎತ್ತಿಕೊಂಡರೂ ಮಾಸ್ಕ್ ತೆಗೆದು ನೆತ್ತಿ ಮೂಸಲು ಆಗುತ್ತಿರಲಿಲ್ಲ. ಅದೇ ನನಗೆ ಎಲ್ಲಕ್ಕಿಂತ ಕಷ್ಟವಾದದ್ದು.

ಆಸ್ಪತ್ರೆಯಲ್ಲಿ ನರ್ಸಮ್ಮ ಬಿಪಿ ನೋಡುವಾಗ ಮಾಸ್ಕ್ ತೆಗೆಸಿದರು. ಎದುರು ಬೆಂಚಿನಲ್ಲಿ ನಮ್ಮ ಗಿರಾಕಿ, ಸ್ಕೂಲ್ ಟೀಚರು! ನನ್ನ ಗದ್ದ ನೋಡಿ ಆಕೆಯ ಹುಬ್ಬು ಮೇಲೇರಿತು, ಆ ಹುಬ್ಬನ್ನು ತೀಡಿದವಳೂ ನಾನೇ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೂ ಕೂತೆ. ಎದ್ದು ಹೋಗಿದ್ದರೆ ಮಗುವಿನ ಆಸೆಯನ್ನೂ ಅಲ್ಲೇ ಬೆಂಚಿನ ಮೇಲೆ ಬಿಟ್ಟು ಹೋದ ಹಾಗೆ ಆಗುತ್ತಿತ್ತು.

"ಡಾಕ್ಟ್ರೇ, ಹೋದ ಸಲ ನಾನು ಸುಳ್ಳು ಹೇಳಿದ್ದೆ. ಇದು ನನ್ನ ನಿಜವಾದ ಮುಖ," ಎಂದು ಬಾಗಿಲಲ್ಲೇ ಹೇಳಿದೆ. ಆಕೆ ನಗಲಿಲ್ಲ, ಬೈಯಲೂ ಇಲ್ಲ. ಗದ್ದ, ಹೊಟ್ಟೆ, ಕತ್ತು ಎಲ್ಲ ನೋಡಿದರು. ಮುಟ್ಟಿನ ಕತೆಯನ್ನು ಮೊದಲಿಂದ ಹೇಳಿಸಿದರು. ಥೈರಾಯ್ಡ್, ಸಕ್ಕರೆ, ಹಾರ್ಮೋನು ಎಂದು ರಕ್ತ ಪರೀಕ್ಷೆ, ಸ್ಕ್ಯಾನಿಂಗು, ಗಂಡನಿಗೂ ಒಂದು ಪರೀಕ್ಷೆ. ಗಂಡನ ಪರೀಕ್ಷೆಯೂ ನನ್ನ ಥೈರಾಯ್ಡೂ ಸರಿಯಿತ್ತು. ಉಳಿದದ್ದು ಆ ಹುಡುಗಿ ಹೇಳಿದ ಕಾಯಿಲೆಯೇ.

"ನೋಡಮ್ಮ, ತಿಂಗಳಿಗೊಂದು ಮೊಟ್ಟೆ ಬಲಿತು ಹೊರಗೆ ಬರಬೇಕು. ನಿಮ್ಮಲ್ಲಿ ಬೆಳೆಯೋಕೆ ಶುರುವಾಗಿ ಅರ್ಧಕ್ಕೇ ನಿಂತುಬಿಡ್ತಾವೆ. ಸ್ಕ್ಯಾನಲ್ಲಿ ಚುಕ್ಕಿ ಚುಕ್ಕಿಯಾಗಿ ಕಾಣೋದು ಅವೇ. ಕೊಯ್ದು ತೆಗೆಯೋ ಗೆಡ್ಡೆ ಅಲ್ಲ, ಹೆದರಬೇಡಿ."

"ಹಾಗಾದ್ರೆ ನಂಗೆ ಮಗು ಆಗಲ್ವಾ?"

"ಆಗಲ್ಲ ಅಂತ ಯಾರಂದ್ರು? ಇದಿದ್ದೂ ತಾಯಿ ಆದವರು ಬೇಕಾದಷ್ಟು ಜನ. ಪೂರ್ತಿ ವಾಸಿ ಆಗೋ ಕಾಯಿಲೆ ಅಲ್ಲ, ಹತೋಟಿಯಲ್ಲಿ ಇಟ್ಕೋಬಹುದು. ದಿನಾ ನಡೀರಿ, ಸಿಹಿ, ಮೈದಾ ಕಡಿಮೆ ಮಾಡಿ, ಚೆನ್ನಾಗಿ ನಿದ್ದೆ ಮಾಡಿ. ತೂಕ ಸ್ವಲ್ಪ ಇಳಿದ್ರೂ ಸಾಕು, ಮೈ ಕೇಳತ್ತೆ. ಸದ್ಯಕ್ಕೆ ಮುಟ್ಟಾಗೋಕೆ ಮಾತ್ರೆ ಕೊಡ್ತೀನಿ. ಆಮೇಲೆ ಅದನ್ನ ನಿಲ್ಲಿಸಿ ನೋಡೋಣ. ತಾನಾಗೇ ಸರಿಯಾಗಿ ಬಂದ್ರೆ ಮೊಟ್ಟೆ ಬಲಿಯೋಕೆ ಶುರುವಾಗಿದೆ ಅಂತ ಆಸೆ ಇಟ್ಕೋಬಹುದು. ಇಲ್ಲಾಂದ್ರೆ ಅದಕ್ಕೂ ಬೇರೆ ಮಾತ್ರೆ ಇದೆ." ಆಮೇಲೆ ಕನ್ನಡಕ ತೆಗೆದು, "ಗದ್ದದ ಕೂದಲು ಇನ್ನು ಧಾರಾಳವಾಗಿ ತೆಗೆಸ್ಕೊಳ್ಳಿ," ಎಂದರು.

ಹೊರಗೆ ಬಂದು ಅತ್ತೆ. ದುಃಖಕ್ಕೋ ನೆಮ್ಮದಿಗೋ ತಿಳಿಯದು. ಇಷ್ಟು ವರ್ಷ ನನ್ನ ಹಣೆಬರಹವೇ ಇಷ್ಟು ಅಂದುಕೊಂಡದ್ದಕ್ಕೆ ಒಂದು ಹೆಸರಿತ್ತು.

ಮರುದಿನದಿಂದ ಬನ್ನು ಬಂದ್. "ಮೈದಾದವನನ್ನ ಕಟ್ಕೊಂಡು ಮೈದಾ ಬಿಡು ಅಂದ್ರೆ ಹೇಗ್ರೀ?" ಎಂದು ರೇಗಿದೆ. ಅವರು ಕೆಲಸ ಮುಗಿಸಿ ಬಂದವರು ಶೂ ಕೂಡ ಬಿಚ್ಚದೆ ಬಾಗಿಲಲ್ಲಿ ನಿಂತು, "ಬಾ ಮೆಣಸಿನಕಾಯಿ, ನಡಿಯೋಣ," ಎಂದರು. ದಿನಾ ಅದೇ. ಕಣ್ಣು ಎಳೆಯುತ್ತಿದ್ದರೂ ನನ್ನ ಪಕ್ಕದಲ್ಲಿ ನಡೆಯುತ್ತಿದ್ದರು. ಮಕ್ಕಳ ಶಾಲೆಯ ಗೇಟು ಬಂದಾಗ ನನ್ನ ಹೆಜ್ಜೆ ತಾನಾಗಿ ನಿಧಾನವಾಗುತ್ತಿತ್ತು. ಬ್ಯಾಗಿನ ಭಾರಕ್ಕೆ ಹಿಂದಕ್ಕೆ ವಾಲಿಕೊಂಡು ಓಡುವ ಪುಟಾಣಿಗಳನ್ನು ಗೇಟು ದಾಟುವವರೆಗೂ ತಿರುತಿರುಗಿ ನೋಡುತ್ತಿದ್ದೆ. ಗಂಡ ಮಾತ್ರ ನೇರ ರಸ್ತೆ ನೋಡುತ್ತಿದ್ದರು.

ತಿಂಗಳುಗಳು ಕಳೆದವು. ಕುರ್ತಾ ಸೊಂಟದಲ್ಲಿ ಸಡಿಲವಾಯಿತು. ಮಾತ್ರೆ ತೆಗೆದುಕೊಂಡಾಗಲೆಲ್ಲ ಮುಟ್ಟಾಯಿತು. ಆಮೇಲೆ ಡಾಕ್ಟರು ಮಾತ್ರೆ ನಿಲ್ಲಿಸಿದರು. ಮತ್ತೆ ಕಾಯುವ ಕೆಲಸ. ತಪ್ಪಿದರೆ ಬಸುರಿನ ಆಸೆ, ತಪ್ಪಿದರೆ ಕಾಯಿಲೆಯ ಭಯ. ಏನು ಬೇಡಿಕೊಳ್ಳಬೇಕು ಎಂದೇ ತೋಚುತ್ತಿರಲಿಲ್ಲ.

ಒಂದು ಬೆಳಿಗ್ಗೆ ಹೊಟ್ಟೆ ನುಲಿಯಿತು. ಬಚ್ಚಲಿಗೆ ಹೋದೆ. ಬಂದಿತ್ತು.

ಹಳೆಯ ಅಭ್ಯಾಸ, ಮೊದಲು ಅಳು ನುಗ್ಗಿತು. ಗೋಡೆಗೆ ಒರಗಿ ಬಿಕ್ಕಿದೆ. ಆಮೇಲೆ ಮಾತ್ರೆ ಇಲ್ಲದೆ ಬಂದದ್ದು ಇದು ಎಂದು ಹೊಳೆಯಿತು. ಯಾರೂ ಕರೆಯದೆ, ಎಲ್ಲ ಹೆಂಗಸರಿಗೂ ಬರುವ ಹಾಗೆ ಬಂದಿತ್ತು.

ಅವರು ಬಾಗಿಲಲ್ಲಿ ನಿಂತಿದ್ದರು, ವಾಕಿಂಗಿಗೆ ಕರೆಯಲು.

"ರೀ, ಬಂತು."

ಮುಖ ಇಳಿಯಿತು ಪಾಪ. "ಹೋಗ್ಲಿ ಬಿಡು..." ಎನ್ನತೊಡಗಿದರು.

"ತಾನಾಗೇ ಬಂತು ರೀ. ಮಾತ್ರೆ ಇಲ್ದೆ."

ಅವರು ಬಾಗಿಲು ಬಿಟ್ಟು ಒಳಗೆ ಬಂದರು. "ಅಂದ್ರೆ ಈಗ ನಗ್ಬೇಕಾ, ಅಳ್ಬೇಕಾ? ಹೇಳು, ಹಾಗೇ ಮಾಡ್ತೀನಿ."

"ನಂಗೂ ಗೊತ್ತಿಲ್ಲ," ಎಂದು ನಗಲು ಹೋಗಿ ಅತ್ತೆ. ಹಿಟ್ಟು ಮೆತ್ತಿದ ಅವರ ಅಂಗಿಗೆ ಹಣೆ ಒತ್ತಿದೆ. ಗಿರಾಕಿಗಳಿಗೆ ತಮಾಷೆ ಮಾಡಿದ್ದೆ, ಅಕ್ಕನ ಹತ್ತಿರ ಗೊಣಗಿದ್ದೆ, ಡಾಕ್ಟರನ್ನು ಆಗುತ್ತದೋ ಇಲ್ಲವೋ ಎಂದು ಕೇಳಿದ್ದೆ. ಆದರೆ ಬೇಕು ಎಂದು ಬಾಯಿಬಿಟ್ಟು ಇವರಿಗೆ ಹೇಳಿರಲಿಲ್ಲ, ಎಲ್ಲಿ ಇವರು ಬೇಡ ಎಂದುಬಿಡುತ್ತಾರೋ ಎಂದು ಹೆದರಿ.

"ನಂಗೆ ಮಗು ಬೇಕು ರೀ. ತುಂಬಾ ಬೇಕು."

ಅವರು ನನ್ನ ತಲೆಯನ್ನು ಎದೆಗೆ ಒತ್ತಿ ಹಿಡಿದರು.

"ನಂಗೂ ಕಣೇ," ಎಂದರು. "ಮೊದಲಿಂದಾನೂ."