ಹನ್ನೊಂದು ಕಾಗದದ ಪುಸ್ತಕ

ದಾರದಕ್ಕನಿಗೆ ಸೊಕ್ಕು ಜಾಸ್ತಿ ಅಂತ ಬೀದಿಯವರೆಲ್ಲ ಹೇಳುತ್ತಿದ್ದರು. ಹೇಳಲಿ ಬಿಡಿ, ಸುಳ್ಳೇನಲ್ಲ. ಮನೆಯ ಮುಂದಿನ ಕೋಣೆಯಲ್ಲಿ ಕೂತು ಇಪ್ಪತ್ತಾರು ವರ್ಷದಿಂದ ಪುಸ್ತಕಗಳಿಗೆ ರಟ್ಟು ಕಟ್ಟುತ್ತಿರುವವಳು ಅವಳು. ತಾನು ಹೊಲಿದ ಪುಸ್ತಕದಿಂದ ಒಂದೇ ಒಂದು ಹಾಳೆ ಉದುರಿದೆ ಅಂತ ಯಾರಾದರೂ ತಂದು ತೋರಿಸಲಿ ನೋಡೋಣ ಅನ್ನುವವಳು. ಅಂಥವಳೂ ಸಾಲದಲ್ಲಿ ಸಿಕ್ಕಿಬಿದ್ದಳು. ಹಾಳೆ ಕತ್ತರಿಸುವ ಯಂತ್ರಕ್ಕೆ ಒಂದು ಸಾಲ, ಗಂಡನ ಬೆನ್ನಿನ ಆಪರೇಷನ್ನಿಗೆ ಇನ್ನೊಂದು, ಆ ಎರಡನ್ನು ತೀರಿಸಲು ಮತ್ತೆರಡು. ಕೊನೆಗೆ ಸಾಲ ಪರಿಹಾರ ಕಚೇರಿಯ ಮೆಟ್ಟಿಲು ಹತ್ತಿ ಒಪ್ಪಂದಕ್ಕೆ ಸಹಿ ಹಾಕಿದಳು. ಐದು ವರ್ಷ, ತಿಂಗಳಿಗೊಂದು ಕಂತು, ಅದೂ ಕಚೇರಿಗೆ ಮಾತ್ರ. ಹಂಚುವ ಕೆಲಸ ಅವರದು.

"ಸಾಲ ಕೊಟ್ಟವರು ಇನ್ನು ನಿಮ್ಮನ್ನ ನೇರವಾಗಿ ಕೇಳೋ ಹಾಗಿಲ್ಲ," ಎಂದಿದ್ದರು ಕಚೇರಿಯ ಮೇಡಂ. "ಆದ್ರೂ ಕಾಗದ ಬರ್ತಾನೇ ಇರ್ತವೆ. ಹೆದರ್ಬೇಡಿ, ಉತ್ತರ ಬರೀಬೇಡಿ, ಕೈಯಿಂದ ಬಿಡಿಗಾಸೂ ಕೊಡ್ಬೇಡಿ. ಎಲ್ಲಾನೂ ಜೋಪಾನವಾಗಿಟ್ಟು ವಿಚಾರಣೆ ದಿನ ತನ್ನಿ."

ಸಾಲ ಕೊಟ್ಟ ನಾಲ್ವರಲ್ಲಿ ಮೂವರು ಸುಮ್ಮನಾದರು. ನಾಲ್ಕನೆಯದೊಂದು ಫೈನಾನ್ಸ್ ಕಂಪನಿ ಮಾತ್ರ ಜಿಗಣೆಯಂತೆ ಅಂಟಿಕೊಂಡಿತು. ವಾರಕ್ಕೊಮ್ಮೆ ಕಂಪನಿಯ ಆಳು ಬಂದು, ಕವರೂ ಇಲ್ಲದ ಬೋಳು ಕಾಗದವನ್ನು ಬಾಗಿಲ ಸಂದಿಯಲ್ಲಿ ತೂರಿಸಿ ಮಾಯವಾಗುತ್ತಿದ್ದ. ಪ್ರತಿ ಕಾಗದದಲ್ಲೂ ಹೊಸದೊಂದು ದಂಡ, ಕೆಳಗೆ ಒಂದೇ ಪಲ್ಲವಿ: ಏಳು ದಿನದಲ್ಲಿ ಕಟ್ಟದಿದ್ದರೆ ಯಂತ್ರ ಜಪ್ತಿ.

ಗಂಡ ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವವನು, ಮೆತ್ತನೆಯ ಮನುಷ್ಯ. ಕಾಗದ ಕಂಡರೆ ಸಾಕು, ಅವನ ಜೀವ ಬಾಯಿಗೆ ಬರುತ್ತಿತ್ತು.

"ಏನೇ ಇದು, ಕೊಂಚ ಕೊಟ್ಟು ಬಾಯಿ ಮುಚ್ಚಿಸೋಣ್ವಾ?"

"ರೀ, ಸುಮ್ನಿರಿ. ಸಹಿ ಹಾಕಿದ್ದೀನಿ. ಹೇಳಿದ ದಿನಕ್ಕೆ ಹೇಳಿದಷ್ಟು ಕಟ್ತಿದ್ದೀನಿ. ನಾನ್ಯಾಕ್ರೀ ಹೆದರ್ಲಿ?"

ಹೀಗೆ ಹನ್ನೊಂದು ಕಾಗದ ಸೇರಿದವು. ಕಚೇರಿಯ ಪಡಸಾಲೆಯಲ್ಲಿ ಬೇರೆಯವರು ಇಂಥ ಕಾಗದಗಳನ್ನು ಮುದ್ದೆ ಮಾಡಿ ಚೀಲಕ್ಕೆ ತುರುಕಿ ತಂದಿದ್ದನ್ನು ಅವಳು ನೋಡಿದ್ದಳು. ತಲೆ ತಗ್ಗಿಸಿಕೊಂಡು, ಕದ್ದ ಮಾಲು ತಂದವರ ಹಾಗೆ. ಥೂ, ತಾನು ಹಾಗೆ ಹೋಗುವವಳೇ? ಕಾಗದ ತೀರಾ ತೆಳು ಅಂತ ಒಂದೊಂದರ ನಡುವೆಯೂ ದಪ್ಪ ರಟ್ಟು ಇಟ್ಟಳು. ಹೊಲಿದಳು, ಅಂಟು ಹಚ್ಚಿದಳು, ಯಂತ್ರಕ್ಕೆ ಕೊಟ್ಟು ಮೂರೂ ಕಡೆ ಅಂಚು ಸಮ ಮಾಡಿದಳು, ನೀಲಿ ಬಟ್ಟೆಯ ಹೊದಿಕೆ ಹಾಕಿದಳು. ಎರಡು ಬೆರಳು ದಪ್ಪದ ಪುಸ್ತಕ! ಮದುವೆಯ ಆಲ್ಬಮ್ಮಿಗೂ ಅಷ್ಟು ಚೆಂದದ ಹೊದಿಕೆ ಹಾಕಿರಲಿಲ್ಲ.

ವಿಚಾರಣೆಯ ಹಿಂದಿನ ದಿನ ಮಧ್ಯಾಹ್ನ ಮೇಡಂ ಫೋನ್ ಮಾಡಿದರು. "ಕಂಪನಿಯವರು ಹೊಸ ರಾಗ ತೆಗೆದಿದ್ದಾರೆ. ಆ ಕಾಗದಗಳೆಲ್ಲ ಒಪ್ಪಂದಕ್ಕೆ ಮುಂಚಿನವಂತೆ. ಹಾಗಾದ್ರೆ ದಂಡ ಎಲ್ಲಾ ನಿಮ್ಮ ತಲೆ ಮೇಲೆ, ಒಪ್ಪಂದ ಮುರಿಯುತ್ತೆ, ಯಂತ್ರಾನೂ ಹೋಗುತ್ತೆ. ಕಾಗದದ ಮೇಲೆ ತಾರೀಖು ಇದೆ ತಾನೆ?"

"ಇರದೆ ಏನು ಮೇಡಂ! ಪುಸ್ತಕಾನೇ ಮಾಡಿಟ್ಟಿದ್ದೀನಿ," ಎಂದು ದಾರದಕ್ಕ ಎದೆಯುಬ್ಬಿಸಿ ಫೋನಿಟ್ಟಳು.

ಊಟಕ್ಕೆ ಬಂದಿದ್ದ ಗಂಡ ಪುಸ್ತಕ ಬಿಡಿಸಿ, ಗಾಜಿನ ಅಂಚು ನೋಡುವ ಅಭ್ಯಾಸದಲ್ಲಿ ಹಾಳೆಯ ಅಂಚನ್ನು ಕಣ್ಣ ಹತ್ತಿರ ಹಿಡಿದ. "ಏನೇ," ಎಂದ ಮೆಲ್ಲಗೆ, "ತಾರೀಖು ಎಲ್ಲೇ?"

ತಾರೀಖು ಇದ್ದದ್ದು ಹಾಳೆಯ ನೆತ್ತಿಯ ಮೇಲೆ, ಇರುವೆಯಂಥ ಅಕ್ಷರದಲ್ಲಿ. ಅಂಚು ಸಮ ಮಾಡದೆ ಪುಸ್ತಕವನ್ನು ಕೈಬಿಟ್ಟು ಗೊತ್ತಿಲ್ಲದ ಕೈ, ತಾರೀಖನ್ನೂ ಸೇರಿಸಿ ಕತ್ತರಿಸಿ ಹಾಕಿತ್ತು. ಹನ್ನೊಂದರದ್ದೂ! ಕತ್ತರಿಸಿದ ಚೂರುಗಳು ಬೆಳಿಗ್ಗೆಯಷ್ಟೇ ರದ್ದಿ ಅಂಗಡಿಗೆ ಹೋಗಿದ್ದವು. ಬೇರೆಯವರು ಚೀಲಕ್ಕೆ ತುರುಕಿಯಾದರೂ ಉಳಿಸಿಕೊಂಡದ್ದನ್ನು ತಾನು ಅಂದ ಮಾಡಲು ಹೋಗಿ ಹಾಳು ಮಾಡಿದೆನಲ್ಲ ಎಂದು ದಾರದಕ್ಕನಿಗೆ ನಾಚಿಕೆಯಾಯಿತು, ಭಯವೂ ಆಯಿತು.

ಈಗ ನೋಡಿ ಗಂಡನ ವರಸೆ. ಕಾಗದ ಕಂಡರೆ ನಡುಗುವವನು ಚಪ್ಪಲಿ ಮೆಟ್ಟಿಕೊಂಡು, "ಅಳೋದಾದ್ರೆ ಆಮೇಲೆ ಅಳು. ನಡಿ ಮೊದ್ಲು," ಎಂದ.

ರದ್ದಿ ಅಂಗಡಿಯವನು ಮೂರು ಚೀಲ ತೋರಿಸಿ ನಕ್ಕ. "ಅಕ್ಕಾ, ಮಾರಿದ ರದ್ದಿ ವಾಪಸ್ ಕೇಳೋರನ್ನ ಇವತ್ತೇ ನೋಡಿದ್ದು ಕಣಕ್ಕ."

"ನಗಬೇಡ ಮಾರಾಯ, ಸುರಿ," ಎಂದಳು. ಇಬ್ಬರೂ ನೆಲದ ಮೇಲೆ ಕೂತು, ಬೆರಳಗಲದ ಪಟ್ಟಿಗಳ ರಾಶಿಯಲ್ಲಿ ಎರಡು ತಾಸು ಕೈಯಾಡಿಸಿದರು. ಹತ್ತು ಸಿಕ್ಕವು. ಹನ್ನೊಂದನೆಯದು ಎಲ್ಲೆಲ್ಲೂ ಇಲ್ಲ. ಕಡೆಗೆ ನೋಡಿದರೆ ಗಂಡ ಅದರ ಮೇಲೇ ಕೂತಿದ್ದಾನೆ!

ಮರುದಿನ ಕಚೇರಿಯಲ್ಲಿ ಉದ್ದನೆಯ ಮೇಜು. ಒಂದು ಕಡೆ ವಿಚಾರಣೆ ನಡೆಸುವ ಮೇಡಂ, ಎದುರಿಗೆ ಕಂಪನಿಯ ಗುಮಾಸ್ತ. ದಾರದಕ್ಕ ಪುಸ್ತಕ ಇಟ್ಟು, ಪಕ್ಕದಲ್ಲಿ ಪಟ್ಟಿಗಳನ್ನು ಜೋಡಿಸಿ, ಆದದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿದಳು.

ಗುಮಾಸ್ತ ಮೂಗು ಮುರಿದ. "ಪಟ್ಟಿಯಲ್ಲಿ ಬರೀ ತಾರೀಖಿದೆ, ಹೆಸರಿಲ್ಲ. ಇವು ಈ ಕಾಗದದ್ದೇ ಅಂತ ಏನು ಗ್ಯಾರಂಟಿ? ನಾವು ದಿನಕ್ಕೆ ನೂರು ಕಾಗದ ಕಳಿಸ್ತೀವಿ."

ಮೇಡಂ ದಾರದಕ್ಕನ ಮುಖ ನೋಡಿದರು. ಗಂಡನ ಮುಖ ಸುಣ್ಣವಾಗಿತ್ತು.

ದಾರದಕ್ಕ ಒಂದು ಗಳಿಗೆ ಪುಸ್ತಕದ ಅಂಚಿನ ಮೇಲೆ ಬೆರಳಾಡಿಸಿದಳು. ಬೆರಳಿಗೆ ಏನೋ ತಾಗಿತು. ಅವಳು ಪುಸ್ತಕವನ್ನು ನೆತ್ತಿ ಮೇಲಾಗಿ ನಿಲ್ಲಿಸಿ ಗುಮಾಸ್ತನ ಕಡೆ ತಳ್ಳಿದಳು.

"ಸ್ವಾಮಿ, ನನ್ನ ಯಂತ್ರದ ಅಲಗು ಒಂದು ಕಡೆ ಮುಕ್ಕಾಗಿದೆ. ಸಾಣೆ ಹಿಡಿಸೋಕೆ ಈ ವರ್ಷ ನನ್ನ ಹತ್ರ ದುಡ್ಡಿಲ್ಲ, ಯಾಕೆ ಅಂತ ನಿಮಗೇ ಗೊತ್ತು. ಅದು ಕತ್ತರಿಸಿದ ಕಡೆಯೆಲ್ಲ ಒಂದು ಗೀರು ಬೀಳುತ್ತೆ, ಹಾಳೆಗೂ ಚೂರಿಗೂ ಒಂದೇ ಜಾಗದಲ್ಲಿ. ಅಲಗು ನೆಟ್ಟಗೆ ಇಳಿಯಲ್ಲ, ಓರೆಯಾಗಿ ಇಳಿಯುತ್ತೆ. ನೋಡಿ, ಮೊದಲನೇ ಹಾಳೆಯಲ್ಲಿ ಗೀರು ಎಡಕ್ಕಿದೆ, ಕೊನೇದರಲ್ಲಿ ಇಷ್ಟು ಬಲಕ್ಕೆ ಬಂದಿದೆ. ಒಂದು ಹಾಳೆಯ ಗೀರು ಇನ್ನೊಂದರ ಜಾಗದಲ್ಲಿ ಇಲ್ಲ. ಈಗ ನೀವೇ ಜೋಡಿಸಿ. ನಾನು ಮುಟ್ಟಲ್ಲ."

ಗುಮಾಸ್ತ ಒಂದು ಪಟ್ಟಿ ತೆಗೆದು ಮೂರನೆಯ ಹಾಳೆಗೆ ಹಿಡಿದ. ಹೊಂದಲಿಲ್ಲ. ನಾಲ್ಕಕ್ಕೆ ಹಿಡಿದ, ಇಲ್ಲ. ಏಳನೆಯದಕ್ಕೆ ಹಿಡಿದಾಗ ಗೀರಿಗೆ ಗೀರು ಕೂತಿತು. ಗಂಡ ಜೇಬಿನಿಂದ ತನ್ನ ಭೂತಗನ್ನಡಿ ತೆಗೆದು, ಕೇಳದೆಯೇ ಅವನ ಕೈಗಿಟ್ಟ. ಗುಮಾಸ್ತ ಉಳಿದ ಪಟ್ಟಿಗಳನ್ನೂ ಒಂದೊಂದಾಗಿ ಹಿಡಿದು ನೋಡಿದ. ಹನ್ನೊಂದೂ ಕೂತವು, ಒಂದೊಂದೂ ತನ್ನ ಹಾಳೆಗೆ ಮಾತ್ರ. ಮೇಡಂ ತಾರೀಖುಗಳನ್ನು ಗಟ್ಟಿಯಾಗಿ ಓದಿದರು. ಎಲ್ಲವೂ ಒಪ್ಪಂದದ ಮೊಹರು ಬಿದ್ದ ಮೇಲಿನವು.

"ದಂಡ ಅಷ್ಟೂ ರದ್ದು," ಎಂದರು ಮೇಡಂ. "ಇನ್ನೊಂದು ಕಾಗದ ಇವರ ಬಾಗಿಲಿಗೆ ಹೋದ್ರೆ ದಂಡ ನಿಮಗೆ. ಯಂತ್ರ ಇವರದ್ದು, ಇವರ ಹತ್ರಾನೇ ಇರುತ್ತೆ."

ಅಳಬಾರದು ಅಂದುಕೊಂಡಿದ್ದ ದಾರದಕ್ಕ ಅತ್ತೇಬಿಟ್ಟಳು. ಅಳುತ್ತಲೇ ತಲೆಯೆತ್ತಿಕೊಂಡು ಕೂತಳು, ಯಾರು ಬೇಕಾದರೂ ನೋಡಲಿ ಅಂತ. ಗಂಡ ಪಡಸಾಲೆಯಲ್ಲಿ ಚೀಲ ಹಿಡಿದು ಕಾಯುತ್ತಿದ್ದವರಿಗೆಲ್ಲ ಕೇಳುವ ಹಾಗೆ, "ನನ್ನ ಹೆಂಡತಿ ಕಟ್ಟಿದ ಪುಸ್ತಕ ಅದು!" ಎಂದ. ಇಪ್ಪತ್ತಾರು ವರ್ಷದಲ್ಲಿ ಅವನು ಅಷ್ಟು ಜೋರಾಗಿ ಮಾತಾಡಿದ್ದು ಅದೇ ಮೊದಲು.

ಗುಮಾಸ್ತ ಹೊರಡಲು ಎದ್ದವನು ಹೋಗಲಿಲ್ಲ. ಪುಸ್ತಕವನ್ನು ತಿರುಗಿಸಿ ಮುರುಗಿಸಿ ನೋಡಿದ, ಬೆನ್ನಿನ ಹೊಲಿಗೆ ಎಳೆದು ನೋಡಿದ. ಆಮೇಲೆ ದನಿ ತಗ್ಗಿಸಿ ಕೇಳಿದ. "ಅಮ್ಮಾ, ನಮ್ಮ ಆಫೀಸಿನ ರಿಜಿಸ್ಟರುಗಳೆಲ್ಲ ಬಿಚ್ಚಿ ಬಿದ್ದಿವೆ. ಕಟ್ಟಿಕೊಡ್ತೀರಾ?"

ದಾರದಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು.

"ತನ್ನಿ, ಕಟ್ಟಿಕೊಡ್ತೀನಿ," ಎಂದಳು. "ಆದ್ರೆ ಮೊದಲೇ ಹೇಳ್ತೀನಿ, ನಾನು ಸಾಲಕ್ಕೆ ಕೆಲಸ ಮಾಡಲ್ಲ."