ಈ ಸಲ ಅವರ ಸರದಿ

ನನ್ನ ಮೈ ಮುಟ್ಟಿ ನೋಡದ ಸೂಲಗಿತ್ತಿ, ಲೇಡಿ ಡಾಕ್ಟರು ಕಾಶಿಯಲ್ಲಿ ಉಳಿದಿರಲಿಲ್ಲ. ಮುಟ್ಟು ಯಾವಾಗ, ಹೊಟ್ಟೆ ನೋಯುತ್ತದೆಯೇ ಎಂದು ಕೇಳಿದವರಿಗೆಲ್ಲ ನನಗಿಂತ ಮೊದಲು ಅತ್ತೆ ಅನ್ನದಾನಮ್ಮನವರೇ ಉತ್ತರ ಕೊಡುತ್ತಿದ್ದರು. ಮಕ್ಕಳಾಗದಿರುವುದಕ್ಕೆ ನನ್ನಲ್ಲಿ ದೋಷವಿಲ್ಲ ಎಂದೇ ಎಲ್ಲರೂ ಹೇಳಿದರು. ಆದರೂ ದೀಪಾವಳಿ ಕಳೆಯುತ್ತಲೇ ಮಗನಿಗೆ ಊರಿಂದ ಎರಡನೆಯ ಹೆಣ್ಣು ತರುವುದೆಂದು ಅತ್ತೆ ನಿಶ್ಚಯಿಸಿಬಿಟ್ಟರು.

ಕೊನೆಗೆ ಮೈಸೂರು ಕಡೆಯ ಡಾಕ್ಟರ್ ಪ್ರಭಾಕರ, 'ನಿಮ್ಮ ಯಜಮಾನರನ್ನು ಯಾರೂ ನೋಡಿಲ್ಲವೇ? ಕರಕೊಂಡು ಬನ್ನಿ' ಎಂದರು.

ಅದು ಎಪ್ಪತ್ತಾರನೇ ಇಸವಿ, ಎಮರ್ಜೆನ್ಸಿಯ ಕಾಲ. ಹಿಡಿದು ನಸ್‌ಬಂದಿ, ಅಂದರೆ ಮಕ್ಕಳಾಗದಂತೆ ಆಪರೇಷನ್, ಮಾಡಿಬಿಡುತ್ತಾರೆಂದು ನಮ್ಮ ಪಕ್ಕದ ಸೋನಾರ್‌ಪುರದ ಗಂಡಸರು ಆಸ್ಪತ್ರೆಯ ಬೀದಿಯನ್ನೇ ಬಿಟ್ಟಿದ್ದರು. ನನ್ನ ಗಂಡ ವೀರಯ್ಯನವರಿಗೂ ಅದೇ ಹೆದರಿಕೆ. ಕಾಶಿಯ ನಮ್ಮವರ ಮಠಕ್ಕೆ ಬರುವ ಯಾತ್ರಿಕರಿಗೆ ಧೈರ್ಯ ಹೇಳಿ ಗಂಗೆಗೆ ಇಳಿಸುವ ಮನುಷ್ಯ, ರಿಕ್ಷಾದಲ್ಲಿ ನನ್ನ ಸೆರಗು ಹಿಡಿದು ಕೂತಿದ್ದರು.

ಡಾಕ್ಟರು ಬಾಗಿಲು ಹಾಕಿದರು. 'ಇಲ್ಲಿ ಕತ್ತರಿ ಇಲ್ಲ. ಕೈಯಿಂದ ಮುಟ್ಟಿ ನೋಡ್ತೀನಿ, ಅಷ್ಟೇ. ಬೇಡ ಅಂದ ಕೂಡಲೇ ನಿಲ್ಲಿಸ್ತೀನಿ.' ನನಗೆ ಯಾರೂ ಹೀಗೆ ಹೇಳಿರಲಿಲ್ಲ. ಹೊಟ್ಟೆಕಿಚ್ಚಾಯಿತು.

'ಹಿಂದೆ ಪೆಟ್ಟು ಬಿದ್ದಿತ್ತಾ? ಮಂಗನಬಾವು ಬಂದಿತ್ತಾ?'

'ಏನೂ ಇಲ್ರೀ.'

'ಬಂದಿತ್ತು,' ನಾನೆಂದೆ. 'ಮೀಸಿ ಮೂಡೂ ವಯಸ್ಸಿನಾಗ. ಗಲ್ಲ ಇಳಿದ ಮ್ಯಾಲೆ ಕೆಳಗೂ ಬಾತು, ಕಾಲು ಅಗಲಿಸಿ ನಡೀತಿದ್ರಂತ. ಅತ್ತಿ ಎಷ್ಟೋ ಸಲ ಹೇಳಿ ನಕ್ಕಾರ.'

ಡಾಕ್ಟರು ನಗಲಿಲ್ಲ. ಕೊರಳಿನ ಲಿಂಗದ ಕರಡಿಗೆಯನ್ನು ಎದೆಗೆ ಒತ್ತಿಕೊಂಡು ಇವರು ಪರದೆಯಾಚೆ ಹೋದರು.

'ಧೋತ್ರ ಸಡಿಲಿಸಿ. ಇಲ್ಲಿ ನೋವಿದೆಯಾ?'

'ಇಲ್ರೀ.'

'ಒಮ್ಮೆ ಕೆಮ್ಮಿ.'

ಇವರು ಊರಿಗೆಲ್ಲ ಕೇಳುವಂತೆ ಕೆಮ್ಮಿದರು. ದೋಷ ಇವರಲ್ಲೇ ಸಿಗಲಿ ಎಂದು ದೇವರನ್ನು ಬೇಡುತ್ತಿದ್ದೆ, ಬೇಡುತ್ತಲೇ ಹೆದರುತ್ತಿದ್ದೆ.

ಡಾಕ್ಟರು ಕೈ ತೊಳೆದುಕೊಂಡು ಬಂದು ಮೆಲ್ಲಗೆ ಹೇಳಿದರು. 'ಎರಡೂ ಬೀಜ ಸಣ್ಣದಾಗಿ ಮೆತ್ತಗಾಗಿವೆ. ಆ ಬಾವಿನಿಂದಲೇ ಇರಬೇಕು. ವೀರ್ಯ ಪರೀಕ್ಷೆಯೂ ಆಗಲಿ, ಆದರೆ ಮಕ್ಕಳಾಗುವ ಸಾಧ್ಯತೆ ಕಡಿಮೆ. ಇದು ಯಾರ ತಪ್ಪೂ ಅಲ್ಲ.'

ಹನುಮಾನ್ ಘಾಟಿನ ನಮ್ಮ ಮನೆಯ ಬಾಗಿಲಲ್ಲೇ ಅತ್ತೆ ಕಾಯುತ್ತಿದ್ದರು.

'ಏನಂದ್ರೋ ತಮ್ಮಾ?'

ಇವರು ಚಪ್ಪಲಿ ಬಿಡುತ್ತ, ತಲೆ ಎತ್ತದೆ, 'ಹಿಡಿದು ನಸ್‌ಬಂದಿ ಮಾಡಿಬಿಟ್ರವ್ವಾ' ಎಂದರು.

ನನ್ನ ಎದೆ ಧಸಕ್ಕೆಂದಿತು, ಮರುಕ್ಷಣ ಹಗುರವಾಯಿತು. ಇನ್ನು ಎರಡನೆಯ ಹೆಣ್ಣು ಬರುವುದಿಲ್ಲ. ಸುಳ್ಳಾದರೇನು, ನನ್ನ ಸಂಸಾರ ಉಳಿಯಿತು. ನಾನು ಸುಮ್ಮನಿದ್ದರೆ ಸಾಕಿತ್ತು.

ಅತ್ತೆ ಸರ್ಕಾರಕ್ಕೂ ಡಾಕ್ಟರಿಗೂ ಹಿಡಿಶಾಪ ಹಾಕಿದರು, ಮಗನ ತಲೆ ನೇವರಿಸಿದರು, ಆಮೇಲೆ ನನ್ನ ಕಡೆ ತಿರುಗಿದರು. 'ಈ ಬಂಜಿ ಅಷ್ಟರೊಳಗ ಒಂದರೆ ಹಡದಿದ್ರ ನನ್ನ ಮಗನ ವಂಶ ಉಳೀತಿತ್ತು.'

ಇವರನ್ನು ನೋಡಿದೆ. ಇವರು ಗೋಡೆ ನೋಡುತ್ತಿದ್ದರು. ನನಗೆ ಮೈಯೆಲ್ಲ ಉರಿಯಿತು.

'ಅತ್ತಿ, ಇವರಿಗೆ ಯಾರೂ ಕತ್ತರಿ ಹಾಕಿಲ್ಲ,' ಎಂದೆ. 'ಡಾಕ್ಟರು ಏನಂದ್ರು ಅಂತ ಇವರೇ ಹೇಳ್ತಾರ. ಹೇಳೂತನಕಾ ನಾ ಒಳಗ ಬರಂಗಿಲ್ಲ.'

ಅತ್ತೆ ಒಮ್ಮೆ ನನ್ನನ್ನು, ಒಮ್ಮೆ ಮಗನನ್ನು ನೋಡಿದರು. ಇವರು ಹೊಸ್ತಿಲ ಮೇಲೆ ಕೂತರು.

'ಅವ್ವಾ,' ಎಂದರು, 'ಬಂಜಿ ಅಕಿ ಅಲ್ಲ. ನಾನು.'