ಮೆಲಿಟೋನಾ ಕೇಳಿದ ಐದು ದಿನ

ಊರಿನ ಬಿತ್ತನೆ ಹೊಲಕ್ಕೆ ಔಷಧಿ ಹೊಡೆಯುವ ಸರದಿ ಆ ವರ್ಷ ನನ್ನದಾಗಿತ್ತು. ಟಿಟಿಕಾಕಾ ಸರೋವರದ ದಂಡೆಗೆ ಹೊಂದಿಕೊಂಡ ಹೊಲ ಅದು. ಮುಂದಿನ ವರ್ಷಕ್ಕೆ ಎಲ್ಲ ಮನೆಗಳಿಗೂ ಹಾಬಾ ಅವರೆಯ ಬೀಜ ಅಲ್ಲಿಂದಲೇ ಬರಬೇಕು. ಹೂ ಬಿಡುವ ಹೊತ್ತಿಗೆ ಕುಡಿಗಳಿಗೆಲ್ಲ ಮಸಿ ಬಳಿದಂತೆ ರಸ ಹೀರುವ ಕಪ್ಪು ಗಿಡಹೇನು ಮುತ್ತಿತ್ತು.

ಹಿಂದಿನ ವರ್ಷ ನನ್ನ ಸ್ವಂತ ಹೊಲಕ್ಕೆ ಹೊಡೆದ ದಿನ ಮೂರು ಸಲ ವಾಂತಿಯಾಗಿ, ಚಮಚ ಹಿಡಿಯಲಾರದಷ್ಟು ಕೈ ನಡುಗಿತ್ತು. ಹಳಸಿದ ಮೀನು ತಿಂದೆ ಎಂದು ಹೆಂಡತಿಗೆ ಹೇಳಿದ್ದೆ. ಪಂಪು ಹೊರಲು ಹೆದರುವ ಗಂಡಸು ಅನ್ನಿಸಿಕೊಳ್ಳುವುದು ಯಾರಿಗೆ ಬೇಕು?

ಅಂತೂ ಸರದಿಯ ದಿನ ಬೆಳಿಗ್ಗೆ ಪಂಪು ಹೊತ್ತು ಹೋದೆ. ಹೊಲ ನೋಡಿಕೊಳ್ಳುತ್ತಿದ್ದ ಮೆಲಿಟೋನಾ ಕಲ್ಲುಗೋಡೆಯ ಸಂದಿಗೆ ಅಡ್ಡ ನಿಂತಿದ್ದಳು.

"ಹಿಲಾರಿಯೋ, ಅದನ್ನ ಇಳ್ಸು. ಇಲ್ಲಿ ನೋಡು."

ಎಲೆಯ ಅಡಿಯಲ್ಲಿ ಕೆಲವು ಹೇನುಗಳು ಒಣಹುಲ್ಲಿನ ಬಣ್ಣಕ್ಕೆ ತಿರುಗಿ, ಗುಂಡಗೆ ಉಬ್ಬಿ, ಅಂಟಿಕೊಂಡಿದ್ದವು. ಮುಟ್ಟಿದರೂ ಅಲುಗಲಿಲ್ಲ.

"ಇದ್ಯಾವುದೋ ಹೊಸ ರೋಗ ಕಣೇ."

"ರೋಗ ಬಂದಿರೋದು ಹೇನಿಗೆ, ಅವರೆಗಲ್ಲ. ನುಸಿಯಷ್ಟು ಕಣಜದ ಹುಳ ಬಾಲ ಮುಂದಕ್ಕೆ ಮಡಚಿ ಇವುಕ್ಕೆ ಚುಚ್ಚೋದನ್ನ ಕಣ್ಣಾರೆ ನೋಡಿದೀನಿ. ಒಳಗೆ ಮೊಟ್ಟೆ ಇಡ್ತವೆ, ಮರಿ ಹೇನನ್ನೇ ತಿಂದು ಬೆಳೀತವೆ. ಈಗ ನೀನು ಹೊಡೆದ್ರೆ ಅವೂ ಸಾಯ್ತವೆ. ಐದು ದಿನ ಕೊಡು."

ಅಷ್ಟರಲ್ಲಿ ಊರ ಯಜಮಾನ ಸೆವೆರೊ ಬಂದ. "ಏನಮ್ಮ, ಕುರಿ ಸಾಕಿದ್ದು ಸಾಕಾಯ್ತಾ? ಈಗ ಹೇನು ಸಾಕ್ತೀಯಾ?"

"ನಿನ್ನ ಮೀಸೆ ಸಾಕೋದಕ್ಕಿಂತ ಸುಲಭ ಬಿಡು ಮಾವ."

"ಬೀಜ ಹೋದ್ರೆ?"

"ನನ್ನ ಹೊಲದ್ದು ಅಷ್ಟೂ ಕೊಡ್ತೀನಿ."

ಸೆವೆರೊ ನನ್ನ ಕಡೆ ತಿರುಗಿದ. ಸುಳ್ಳು ಹೇಳಲು ಬಾಯಿ ತೆರೆದವನಿಗೆ ನಿಜವೇ ಬಂತು. "ಹೋದ ವರ್ಷ ಈ ಔಷಧಿ ನನ್ನನ್ನ ಮಲಗಿಸಿಬಿಟ್ಟಿತ್ತು. ನಂಗೆ ಹೆದರಿಕೆ. ಕಾಯೋಣ."

ಅವನು ನಗಲಿಲ್ಲ. "ನಮ್ಮ ತಮ್ಮಂಗೂ ಹಾಗೇ ಆಗಿತ್ತು. ಮೊದಲೇ ಬಾಯಿ ಬಿಡಬಾರದಾ, ಮಂಕೇ? ಐದು ದಿನ ನೋಡೋಣ" ಎಂದು ಬೈದು ಹೋದ.

ಮೆಲಿಟೋನಾ ಉಬ್ಬಿದ ಹೇನುಗಳಿದ್ದ ಕುಡಿಯನ್ನು ಗಾಜಿನ ಜಾಡಿಗೆ ಹಾಕಿ ಬಟ್ಟೆ ಕಟ್ಟಿದಳು. ನಾನು ದಿನಾ ಅವಳ ಮನೆಗೆ ಹೋಗಿ ಇಣುಕುತ್ತಿದ್ದೆ. ಮೂರನೆಯ ದಿನ ನೀರಿನ ಕಡೆಯ ಸಾಲು ಪೂರ್ತಿ ಬಾಡಿತು. ಇಬ್ಬರೂ ಅದನ್ನು ಕಿತ್ತೆವು. ಅವತ್ತು ಅವಳ ಮುಖ ನೋಡಲಾಗಲಿಲ್ಲ.

ಐದನೆಯ ದಿನ ಬೆಳಿಗ್ಗೆ ಅವಳು ಅಂಗಳದಿಂದಲೇ ಕೂಗಿದಳು. ಓಡಿದೆ. ಒಂದು ಹೇನಿನ ಬೆನ್ನ ಮೇಲೆ ಗುಂಡಗೆ ಗೀರು ಮೂಡಿ, ಡಬ್ಬಿಯ ಮುಚ್ಚಳದಂತೆ ಮೇಲೆದ್ದಿತು. ಒಳಗಿಂದ ಕಪ್ಪು ಕಣಜವೊಂದು ತಲೆ ಹಾಕಿ, ಕಾಲು ಎಳೆದುಕೊಂಡು ಹೊರಬಂತು. ಮೀಸೆ ಒರೆಸಿಕೊಂಡಿತು. ಆಮೇಲೆ ಇನ್ನೊಂದು.

"ಬಂದ್ವು ಕಣೋ!" ಮೆಲಿಟೋನಾ ನನ್ನ ಬೆನ್ನಿಗೆ ಗುದ್ದಿದಳು. ಅವಳ ಕಣ್ಣಲ್ಲಿ ನೀರಿತ್ತು.

ಜಾಡಿಯನ್ನು ಹೊಲದಲ್ಲೇ ಬಿಚ್ಚಿದೆವು. ಎರಡು ವಾರದಲ್ಲಿ ಎಲೆಗಳ ತುಂಬ ತೂತು ಬಿದ್ದ ಹೇನಿನ ಒಣ ಚಿಪ್ಪುಗಳು. ಹೊಸ ಕುಡಿ ಹಸಿರಾಗಿ ಏಳುತ್ತಿತ್ತು. ಪಂಪನ್ನು ಸೆವೆರೊನೇ ಹೊತ್ತು ಕೊಠಡಿಗೆ ಹಾಕಿ ಬಂದ.

ಎಳೆಕಾಯಿ ಬಲಿತ ದಿನ ಮೂವರೂ ಗೋಡೆಯ ಮೇಲೆ ಕೂತು ಬೇಯಿಸಿದ ಅವರೆ, ಚೀಸ್ ತಿಂದೆವು. ನಾನು ಎಲ್ಲರಿಗಿಂತ ಹೆಚ್ಚು ತಿಂದೆ.